ಹೆಸರು ಒಂದೇ ಇದ್ದರೆ ವಂಶವೂ ಒಂದೇನಾ?

ಜರ್ಮನಿಯ ಹಳೆಯ ಯಹೂದಿ ಮನೆತನಗಳ ಬಗ್ಗೆ ನನಗೆ ಆಸಕ್ತಿ ಇದೆ ಎಂದು ತಿಳಿದವರು ತಪ್ಪದೆ ಕೇಳುವುದು ಇದನ್ನೇ: “1600ರ ಫ್ರಾಂಕ್‌ಫರ್ಟ್‌ನಲ್ಲಿ ಒಬ್ಬ ಹಾನ್, 1700ರಲ್ಲೂ ಒಬ್ಬ ಹಾನ್. ಇಬ್ಬರೂ ಒಂದೇ ವಂಶದವರು ತಾನೆ?” ಇರಬಹುದು. ಆದರೆ ಹೆಸರನ್ನು ನಂಬಿ ಹಾಗೆ ಹೇಳಲಾಗದು.

1462ರಲ್ಲಿ ಫ್ರಾಂಕ್‌ಫರ್ಟ್‌ನ ಯಹೂದಿಗಳನ್ನೆಲ್ಲ ಯೂದೆನ್‌ಗಾಸೆ ಎಂಬ ಒಂದೇ ಇಕ್ಕಟ್ಟಿನ ಓಣಿಗೆ ಸೇರಿಸಿದರು. ಅಲ್ಲಿ ಮನೆಗಳನ್ನು ಗುರುತಿಸುತ್ತಿದ್ದದ್ದು ಚಿತ್ರಗಳಿಂದ: ಹುಂಜ, ಹಡಗು, ಹದ್ದು, ಕೆಂಪು ಗುರಾಣಿ. ಹಾನ್ ಎಂದರೆ ಹುಂಜ. ಮನೆ ಬಿಟ್ಟು ಬೇರೆಡೆ ಹೋದವರ ಹೆಸರು ಬದಲಾಗುತ್ತಿತ್ತು, ಹೊಸದಾಗಿ ಬಂದವರಿಗೆ ಆ ಮನೆಯ ಹೆಸರೇ ಅಂಟುತ್ತಿತ್ತು. ಆದರೆ ಇದನ್ನೂ ನಿಯಮ ಅನ್ನುವ ಹಾಗಿಲ್ಲ. ರಾತ್‌ಚೈಲ್ಡ್ ಮನೆತನದವರು 17ನೇ ಶತಮಾನದಲ್ಲಿ ಕೆಂಪು ಗುರಾಣಿಯ ಮನೆ ಬಿಟ್ಟರೂ ಆ ಹೆಸರನ್ನು ಬಿಡಲಿಲ್ಲ. ಖಾಯಂ ಮನೆತನದ ಹೆಸರು ಇರಲೇಬೇಕು ಎಂಬ ಕಾನೂನು ಪ್ರಷ್ಯಾದಲ್ಲಿ ಬಂದದ್ದು 1812ರಲ್ಲಿ, ಬವೇರಿಯಾದಲ್ಲಿ 1813ರಲ್ಲಿ.

ಇನ್ನು ವ್ಯಕ್ತಿಯ ಹೆಸರಿನ ಕಥೆ. ಸಮಾಧಿಕಲ್ಲಿನ ಮೇಲೆ ಹೀಬ್ರೂವಿನಲ್ಲಿ ‘ನಫ್ತಾಲಿ’ ಎಂದಿರುವವನೇ ಊರಿನ ತೆರಿಗೆ ಪುಸ್ತಕದಲ್ಲಿ ‘ಹಿರ್ಷ್’, ಅಂದರೆ ಜಿಂಕೆ. ಬೈಬಲ್ಲಿನಲ್ಲಿ ಯಾಕೋಬ ತನ್ನ ಮಕ್ಕಳನ್ನು ಹರಸುವಾಗ ನಫ್ತಾಲಿಯನ್ನು ಜಿಂಕೆಗೆ, ಯೆಹೂದನನ್ನು ಸಿಂಹಕ್ಕೆ, ಬೆನ್ಯಾಮೀನನನ್ನು ತೋಳಕ್ಕೆ ಹೋಲಿಸಿದ್ದರಿಂದ ಬಂದ ಜೋಡಿಗಳಿವು. ಅದರ ಮೇಲೆ, ತೀರಿಕೊಂಡ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ರೂಢಿ. ಮೂವರು ಅಣ್ಣತಮ್ಮಂದಿರ ಮನೆಯಲ್ಲೂ ಒಬ್ಬೊಬ್ಬ ಹಿರ್ಷ್ ಇರುತ್ತಾನೆ. ಕಲ್ಲಿನಲ್ಲಿ ತಂದೆಯ ಹೆಸರು ಸಿಗುತ್ತದೆ. ತೆರಿಗೆ ಪುಸ್ತಕದಲ್ಲಿ ಎಷ್ಟೋ ಸಲ ಅದೂ ಇಲ್ಲ.

ದಾಖಲೆಯೇ ನಾಶವಾದ ಕಡೆ ಮನಸ್ಸಿಗೆ ನೋವಾಗುತ್ತದೆ. 1614ರಲ್ಲಿ ಫೆಟ್‌ಮಿಲ್ಖ್ ಎಂಬವನ ದಂಗೆಕೋರರು ಓಣಿಯನ್ನು ಲೂಟಿ ಮಾಡಿ ಜನರನ್ನು ಹೊರಗಟ್ಟಿದರು. ಅವರು ಮರಳಿದ್ದು 1616ರಲ್ಲಿ. 1711ರ ಬೆಂಕಿಯಲ್ಲಿ ಓಣಿಯೇ ಸುಟ್ಟುಹೋಯಿತು. ಹಳೆಯ ಸ್ಮಶಾನದ ಬಹುಪಾಲು ಕಲ್ಲುಗಳನ್ನು ನಾಜಿಗಳು ಒಡೆದುಹಾಕಿದರು. ಪುಣ್ಯಕ್ಕೆ, ರಬ್ಬಿ (ಯಹೂದಿ ಧರ್ಮಗುರು) ಮಾರ್ಕುಸ್ ಹೊರೊವಿಟ್ಸ್ ಅಲ್ಲಿನ ಬರಹಗಳನ್ನು ಓದಿ 1901ರಲ್ಲೇ ಅಚ್ಚು ಹಾಕಿಸಿದ್ದರು. ಒಡೆದ ಕಲ್ಲಿನ ಮಾತು ಇಂದು ಕೇಳಿಸುವುದು ಆ ಪುಸ್ತಕದಿಂದ.

ಹಾಗಾದರೆ ಗಟ್ಟಿಯಾಗಿ ಹೇಳಬಹುದಾದದ್ದು ಏನೂ ಇಲ್ಲವೇ? ಇದೆ. ಪುರೋಹಿತ ಕುಲದ ಕೋಹೆನ್ ಸಮಾಧಿಯ ಮೇಲೆ ಹರಸುವ ಎರಡು ಕೈಗಳನ್ನು ಕೆತ್ತುತ್ತಾರೆ, ದೇವಾಲಯದ ಸೇವೆಯ ಕುಲದವನಾದ ಲೇವಿಯದರ ಮೇಲೆ ನೀರಿನ ಹೂಜಿಯನ್ನು. ಎರಡೂ ತಂದೆಯಿಂದ ಮಗನಿಗೆ ಬರುವ ಸ್ಥಾನಗಳು. ಒಬ್ಬರು ಪ್ರೀತಿಯಿಂದ ಬರೆದು ಕಳಿಸಿದ ವಂಶವೃಕ್ಷದಲ್ಲಿ ಮನೆಯ ಹೆಸರು ಒಂದೇ, ವರ್ಷಗಳೂ ಹೊಂದುತ್ತಿದ್ದವು. ಆದರೆ ಅಪ್ಪ ಕೋಹೆನ್, ಮಗ ಲೇವಿ! ಬಹುಶಃ ಅವನು ಅಳಿಯ, ಇಲ್ಲವೇ ಆಮೇಲೆ ಆ ಮನೆಗೆ ಬಂದ ಬೇರೆಯವನು. ಅವರಿಗೆ ಬೇಸರವಾಯಿತು, ನನಗೂ ಆಯಿತು. ಆ ಇಬ್ಬರ ನಡುವಿನ ಗೆರೆಯನ್ನು ಅಳಿಸಿ, ಇಬ್ಬರ ಹೆಸರನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದಿಟ್ಟೆವು. ಈಗ ಆ ಲೇವಿಯ ನಿಜವಾದ ತಂದೆಯನ್ನು ಹುಡುಕುತ್ತಿದ್ದೇವೆ.