ಎರಡು ವಾರ ಲ್ಯಾಪ್‌ಟಾಪ್ ಮುಟ್ಟಬಾರದು

ಚಿಕ್ಕಪ್ಪನ ಮಗ ಬೆಂಗಳೂರಿಂದ ಫೋನ್ ಮಾಡಿದ್ದ. ಔಟರ್ ರಿಂಗ್ ರೋಡಿನಲ್ಲಿರುವ ಅಮೆರಿಕನ್ ಬ್ಯಾಂಕೊಂದರ ಆಫೀಸಿನಲ್ಲಿ ಅವನಿಗೆ ಕೆಲಸ. ಇಲ್ಲಿಗೆ, ಅಂದರೆ ಅಮೆರಿಕಕ್ಕೆ, ಬರುವ ಅವಕಾಶ ಸಿಕ್ಕಿದೆಯಂತೆ. "ಅಣ್ಣಾ, ಸಂಬಳ ಎಷ್ಟು ಅಂತ ಗೊತ್ತಾಯ್ತು. ಬೆನಿಫಿಟ್ಸ್ ಹೇಗಿರತ್ತೆ?" ಎಂದ. ಫೋನಿನಲ್ಲಿ ಮುಗಿಯುವ ವಿಷಯ ಅಲ್ಲ, ಬರೀತೀನಿ ಇರು ಅಂದೆ.

ನಾನು ಜೆರ್ಸಿ ಸಿಟಿಯಲ್ಲಿದ್ದೇನೆ. ಮೊದಲು ಒಂದು ವಿಮಾ ಕಂಪನಿ, ಈಗ ಒಂದು ದೊಡ್ಡ ಬ್ಯಾಂಕು. ನಮ್ಮ ಪಿಎಫ್ ಇದ್ದ ಹಾಗೆ ಇಲ್ಲಿ 401ಕೆ. ಆದರೆ ಬಡ್ಡಿ ಇಷ್ಟು ಅಂತ ಯಾರೂ ಘೋಷಿಸುವುದಿಲ್ಲ. ಹೆಚ್ಚಿನ ದುಡ್ಡು ಷೇರುಪೇಟೆಗೆ ಹೋಗುತ್ತದೆ, ಏರಿದರೂ ಇಳಿದರೂ ನಮ್ಮದೇ. ನಾವು ಹಾಕಿದ್ದಕ್ಕೆ ಕಂಪನಿಯೂ ಒಂದು ಪಾಲು ಸೇರಿಸುತ್ತದೆ. ವಿಮಾ ಕಂಪನಿ ಪ್ರತಿ ಸಂಬಳಕ್ಕೂ ಸೇರಿಸುತ್ತಿತ್ತು. ಬ್ಯಾಂಕು ವರ್ಷಕ್ಕೊಮ್ಮೆ, ಅದೂ ಡಿಸೆಂಬರ್ 31ಕ್ಕೆ ಕೆಲಸದಲ್ಲಿದ್ದವರಿಗೆ ಮಾತ್ರ. ವಿಮಾ ಕಂಪನಿಯಲ್ಲಿ ಇನ್ನೊಂದು ಷರತ್ತಿತ್ತು: ಮೂರು ವರ್ಷ ತುಂಬುವ ಮೊದಲು ಬಿಟ್ಟರೆ ಕಂಪನಿಯ ಪಾಲು ಕಂಪನಿಗೇ ವಾಪಸ್. ನಾನು ಎರಡು ವರ್ಷ ಎಂಟು ತಿಂಗಳಿಗೆ ಬಿಟ್ಟೆ. ತಪ್ಪು ನನ್ನದೇ, ಕಾಗದ ಓದಿರಲಿಲ್ಲ.

ಆರೋಗ್ಯ ವಿಮೆಯ ಕಥೆ ಬೇರೆ. ಬೆಂಗಳೂರಿನ ಎಷ್ಟೋ ಕಂಪನಿಗಳಲ್ಲಿ ಅಪ್ಪ ಅಮ್ಮನನ್ನೂ ಪಾಲಿಸಿಗೆ ಸೇರಿಸಬಹುದು. ಇಲ್ಲಿ ಸಾಮಾನ್ಯವಾಗಿ ಹೆಂಡತಿ ಮಕ್ಕಳು ಅಷ್ಟೇ. ಜೊತೆಗೆ ಡಿಡಕ್ಟಿಬಲ್ ಅಂತ ಒಂದಿದೆ. ವರ್ಷದ ಮೊದಲ ಇಂತಿಷ್ಟು ಖರ್ಚು ನಮ್ಮ ಜೇಬಿನಿಂದಲೇ ಹೋಗಬೇಕು, ಆಮೇಲೆ ವಿಮೆ. ಜನವರಿ 4ಕ್ಕೆ ಮಗ ಐಸ್ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡ. ಹಿಂದಿನ ವರ್ಷದ ಡಿಡಕ್ಟಿಬಲ್ ಪೂರ್ತಿ ಕಟ್ಟಿ ಆಗಿತ್ತು, ಹೊಸ ವರ್ಷದ್ದು ಆಗತಾನೇ ಶುರು. 2,600 ಡಾಲರ್ ಕೈಯಿಂದ ಹೋಯ್ತು. "ಬೀಳೋದು ಬಿದ್ದ, ನಾಲ್ಕು ದಿನ ಮುಂಚೆ ಬೀಳಬಾರದಿತ್ತಾ" ಅಂತ ಹೆಂಡತಿ ಆಸ್ಪತ್ರೆಯಲ್ಲೇ ಗೊಣಗಿದಳು.

ಹೆರಿಗೆ ರಜೆಯಲ್ಲಿ ಕಾನೂನಿನ ಮಟ್ಟಿಗೆ ನಮ್ಮೂರೇ ಮುಂದೆ. 2017ರಿಂದ ಅಲ್ಲಿ 26 ವಾರ, ಸಂಬಳದ ಜೊತೆ. ಇಲ್ಲಿನ ಕೇಂದ್ರದ 1993ರ ಕಾನೂನು ಕೊಡುವುದು 12 ವಾರ, ಸಂಬಳ ಇಲ್ಲದೆ. ದೊಡ್ಡ ಬ್ಯಾಂಕುಗಳು ತಾವೇ ಜಾಸ್ತಿ ಕೊಡುತ್ತವೆ. ಗೋಲ್ಡ್‌ಮನ್ ಸ್ಯಾಕ್ಸ್ 2019ರಲ್ಲಿ ಇದನ್ನು 20 ವಾರ ಮಾಡಿತು, ಅಪ್ಪಂದಿರಿಗೂ ಸೇರಿಸಿ.

ಇನ್ನು ರಜೆ. ನನಗೆ ಬ್ಯಾಂಕಿನಲ್ಲಿ ತುಂಬಾ ಹಿಡಿಸಿದ್ದು ಇದೇ. ದುಡ್ಡಿನ ವ್ಯವಹಾರ ಕೈಯಲ್ಲಿರುವವರು ವರ್ಷದಲ್ಲಿ ಒಮ್ಮೆ ಸತತ ಎರಡು ವಾರ ರಜೆ ಹಾಕಲೇಬೇಕು. ಲಾಗಿನ್ ಬಂದ್, ಮೇಲ್ ಬಂದ್. ಎಂಥ ಒಳ್ಳೆ ಮನಸ್ಸಪ್ಪಾ ಅಂದುಕೊಂಡಿದ್ದೆ. ಅಸಲಿಗೆ ಅದು ಕಳ್ಳತನ ಹಿಡಿಯೋ ಉಪಾಯ! ಜಪಾನಿನ ಡೈವಾ ಬ್ಯಾಂಕಿನ ನ್ಯೂಯಾರ್ಕ್ ಶಾಖೆಯಲ್ಲಿ ತೋಶಿಹಿದೆ ಇಗುಚಿ ಅನ್ನುವವನು ಬಾಂಡ್ ವ್ಯವಹಾರದಲ್ಲಿ ಸುಮಾರು 110 ಕೋಟಿ ಡಾಲರ್ ಕಳೆದು, ಹನ್ನೊಂದು ವರ್ಷ ಮುಚ್ಚಿಟ್ಟಿದ್ದ. 1995ರಲ್ಲಿ ತಾನೇ ಪತ್ರ ಬರೆದು ಒಪ್ಪಿಕೊಂಡ ಮೇಲೇ ಗೊತ್ತಾಗಿದ್ದು. ಮರುವರ್ಷ ಇಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್, ಇಂಥ ಜಾಗದಲ್ಲಿರುವವರನ್ನು ಎರಡು ವಾರ ದೂರ ಇಡಿ ಅಂತ ಬ್ಯಾಂಕುಗಳಿಗೆ ಹೇಳಿತು. ಬೇರೆಯವರು ಆ ಕುರ್ಚಿಯಲ್ಲಿ ಕೂತರೆ ಲೆಕ್ಕದ ತೂತು ತಾನಾಗಿ ಕಾಣುತ್ತದೆ, ಅಲ್ವಾ?

ಕಾರಣ ಏನೇ ಇರಲಿ, ಊರಿಗೆ ಹೋಗಲು ನನಗೆ ಸಿಕ್ಕಿದ್ದು ಆ ಎರಡು ವಾರ. ವಿಮಾ ಕಂಪನಿಯಲ್ಲಿ ಕಾಗದದ ಮೇಲೆ ರಜೆ ಜಾಸ್ತಿ ಇತ್ತು. ಕೇಳಲು ಮಾತ್ರ ಧೈರ್ಯ ಬೇಕಿತ್ತು. ಸಿಕ್ಕಿದರೂ ರಾತ್ರಿ ಹತ್ತರ ಮೀಟಿಂಗು ಸಾಗರದ ಮನೆಯ ಜಗಲಿಗೂ ಬರುತ್ತಿತ್ತು.

ತಮ್ಮನಿಗೆ ಕಹಿ ಸುದ್ದಿಯನ್ನೂ ಹೇಳಬೇಕು. ಇಲ್ಲಿ ಕೆಲಸದಿಂದ ತೆಗೆಯಲು ಸಾಮಾನ್ಯವಾಗಿ ನೋಟಿಸ್ ಕೊಡಬೇಕಿಲ್ಲ. ಒಂದು ಮಂಗಳವಾರ ಪಕ್ಕದ ಮೇಜಿನವನ ಕಾರ್ಡಿಗೆ ಗೇಟು ತೆರೆಯಲಿಲ್ಲ, ಅಷ್ಟೇ. ಅವನ ಕಾಫಿ ಮಗ್ ವಾರಗಟ್ಟಲೆ ಅಲ್ಲೇ ಇತ್ತು. ಎಚ್‌-1ಬಿ ಅನ್ನುವ ಕೆಲಸದ ವೀಸಾದಲ್ಲಿ ಇರುವವರಿಗೆ ಆಮೇಲೆ ಇಲ್ಲಿರಲು ಹೆಚ್ಚೆಂದರೆ 60 ದಿನ.

ಹೋದ ಸಲ ಊರಿಗೆ ಹೋದಾಗ ಮೂರು ದಿನ ಲ್ಯಾಪ್‌ಟಾಪ್ ತೆಗೆಯಲೇ ಇಲ್ಲ. ಅಮ್ಮ ಕಷಾಯದ ಲೋಟ ಕೈಗಿಟ್ಟು, ಪಕ್ಕದಲ್ಲಿ ಕೂತು, ಮೆಲ್ಲಗೆ ಕೇಳಿದಳು: "ಏನೋ, ಕೆಲಸ ಹೋಯ್ತನಾ?"