ಜಕಾರ್ತದಲ್ಲಿ ನಾಲ್ಕು ದಿನ: ಬಾಲಿಗೆ ಹಾರುವ ಮುಂಚೆ ಇಲ್ಲೊಮ್ಮೆ ಇಳಿಯಿರಿ

ಇಂಡೊನೇಷ್ಯಾ ಅಂದ ಕೂಡಲೇ ನಮ್ಮವರು ಬಾಲಿಗೆ ಟಿಕೆಟ್ ಹುಡುಕುತ್ತಾರೆ. ಜಕಾರ್ತಕ್ಕೆ ಹೋಗುತ್ತೇವೆ ಅಂದಾಗ ನನ್ನನ್ನೂ ಅಕ್ಕನನ್ನೂ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ‘ಅಲ್ಲೇನಿದೆ ನೋಡೋಕೆ?’ ಕಳೆದ ಜುಲೈನಲ್ಲಿ ನಾಲ್ಕು ದಿನ ಇದ್ದು ಬಂದೆವು. ಅದೇ ದಾರಿ ಹಿಡಿಯುವವರಿಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಈ ಊರು ಮೊದಲ ದಿನ ಕಂಗೆಡಿಸುತ್ತದೆ. ನಮ್ಮ ಹೋಟೆಲಿನ ಹನ್ನೊಂದನೇ ಮಹಡಿಯ ಕಿಟಕಿ ತೆರೆದರೆ ಎದುರಿಗೆ ಗಾಜಿನ ಕಟ್ಟಡಗಳು, ಅವುಗಳ ಸಂದಿಯಲ್ಲಿ ಕೆಂಪು ಹೆಂಚಿನ ಮನೆಗಳು, ಆಚೆಗೆ ಮತ್ತೆ ಗಾಜಿನ ಕಟ್ಟಡಗಳು. ದೂರದಲ್ಲಿ ಎಲ್ಲವೂ ಬೂದು ಬಣ್ಣದ ಮಬ್ಬಿನಲ್ಲಿ ಕರಗಿ ಹೋಗಿತ್ತು. ಊರು ಎಲ್ಲಿ ಮುಗಿಯುತ್ತದೆ ಅನ್ನುವುದೇ ಕಾಣಲಿಲ್ಲ. ಬೆಳಗಿನ ಜಾವ ಎಚ್ಚರವಾದಾಗ ಎಷ್ಟೋ ಮಸೀದಿಗಳಿಂದ ಆಜಾನ್ ಕೇಳುತ್ತಿತ್ತು. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಶುರು, ಅದರಾಚೆ ಮತ್ತೊಂದು. ಕತ್ತಲಲ್ಲಿ ಕೂತು ಆ ದನಿಗಳನ್ನು ಕೇಳಿದಾಗಲೇ ಊರು ಎಷ್ಟು ದೊಡ್ಡದು ಅಂತ ನನಗೆ ನಿಜವಾಗಿ ಅರ್ಥವಾಗಿದ್ದು. ನಗರದ ಗಡಿಯೊಳಗೆ ಇರುವವರು ಒಂದು ಕೋಟಿಗೂ ಸ್ವಲ್ಪ ಜಾಸ್ತಿ. ಸುತ್ತ ಅಂಟಿಕೊಂಡ ಊರುಗಳನ್ನೂ ಸೇರಿಸಿ ವಿಶ್ವಸಂಸ್ಥೆ 2025ರಲ್ಲಿ ಕೊಟ್ಟ ಲೆಕ್ಕ ಸುಮಾರು 4.2 ಕೋಟಿ. ಪ್ರಪಂಚದಲ್ಲೇ ಅತಿ ಹೆಚ್ಚು ಜನರಿರುವ ನಗರ ಇದೇ ಅಂತ ಆ ವರದಿ ಹೇಳುತ್ತದೆ.

ಮೊದಲ ಸಂಜೆಯೇ ‘ಟಿಕೆಟ್ ಬದಲಿಸೋಣ್ವಾ?’ ಅಂದಳು ಅಕ್ಕ. ಬದಲಿಸಲಿಲ್ಲ. ನೀವೂ ಬದಲಿಸಬೇಡಿ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಊರು ಕೈಗೆ ಸಿಗತೊಡಗುತ್ತದೆ. ಆದರೆ ಅದಕ್ಕೆ ರೈಲು ಹತ್ತಬೇಕು.

ರೈಲಿನ ವಿಷಯಕ್ಕೆ ಬರುವ ಮುಂಚೆ ವೀಸಾ ಮುಗಿಸಿಬಿಡೋಣ. ಭಾರತೀಯರಿಗೆ ವಿಮಾನ ಇಳಿದ ಮೇಲೂ ವೀಸಾ ಸಿಗುತ್ತದೆ, ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲೂ ತೆಗೆದುಕೊಳ್ಳಬಹುದು. 30 ದಿನಕ್ಕೆ 5 ಲಕ್ಷ ರುಪಯ್ಯಾ. ಗಾಬರಿಯಾಗಬೇಡಿ, ಅದು ಅಲ್ಲಿನ ದುಡ್ಡು. ಯಾವ ಬೆಲೆ ಕಂಡರೂ ಕೊನೆಯ ಎರಡು ಸೊನ್ನೆ ತೆಗೆದು ಅರ್ಧ ಮಾಡಿ, ಮೇಲೆ ಚೂರು ಸೇರಿಸಿಕೊಳ್ಳಿ, ನಮ್ಮ ರೂಪಾಯಿ ಸಿಗುತ್ತದೆ. ಆನ್‌ಲೈನ್ ವೀಸಾ ಇದ್ದರೆ ಒಂದು ಸಾಲು ತಪ್ಪುತ್ತದೆ. ಕಸ್ಟಮ್ಸ್ ಘೋಷಣೆಯನ್ನೂ ಹೊರಡುವ ಮುಂಚೆಯೇ ಆನ್‌ಲೈನ್‌ನಲ್ಲಿ ತುಂಬಿಡಿ. ಬೆಂಗಳೂರಿನಿಂದ ನಾವು ಕೌಲಾಲಂಪುರದಲ್ಲಿ ವಿಮಾನ ಬದಲಿಸಿ ಹೋದೆವು. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ.

ವಿಮಾನ ನಿಲ್ದಾಣದಲ್ಲಿ ನಾವು ಒಂದು ತಪ್ಪು ಮಾಡಿದೆವು. ಹೊರಗೆ ಬರುತ್ತಿದ್ದಂತೆ ಒಬ್ಬ ಬಂದು ‘ಟ್ಯಾಕ್ಸಿ, ಟ್ಯಾಕ್ಸಿ’ ಅಂದ. ಸುಸ್ತಾಗಿತ್ತು, ಹೂಂ ಅಂದೆವು. ಸಂಜೆ ಐದರ ಹೊತ್ತು. ಎರಡು ಗಂಟೆಗೂ ಜಾಸ್ತಿ ರಸ್ತೆಯಲ್ಲೇ ಕೂತೆವು, ಮಾಮೂಲಿ ಬಾಡಿಗೆಯ ಮೂರು ಪಟ್ಟು ಕೊಟ್ಟೆವು. ಅವತ್ತು ಕಲಿತ ಮೊದಲ ಪದ ‘ಮಾಚೆತ್’, ಅಂದರೆ ಟ್ರಾಫಿಕ್ ಜಾಮ್. ನೀವು ಸೀದಾ ವಿಮಾನ ನಿಲ್ದಾಣದ ರೈಲು ಹಿಡಿಯಿರಿ. ಮಂಗರಾಯ್ ನಿಲ್ದಾಣದವರೆಗೆ ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ತಲುಪುತ್ತೀರಿ. ರಾತ್ರಿ ತಡವಾದರೆ ಮೀಟರ್ ಟ್ಯಾಕ್ಸಿಯ ಅಧಿಕೃತ ಕೌಂಟರಿಗೆ ಹೋಗಿ, ಇಲ್ಲವೇ ಗ್ರ್ಯಾಬ್ ಅಥವಾ ಗೋಜೆಕ್ ಆ್ಯಪ್‌ನಲ್ಲಿ ಕಾರು ಕರೆಯಿರಿ. ಈ ಎರಡು ಆ್ಯಪ್‌ಗಳನ್ನೂ ಊರಲ್ಲೇ ಫೋನಿಗೆ ಹಾಕಿಕೊಂಡು ಹೋಗುವುದು ಒಳ್ಳೆಯದು.

ಉಳಿಯಲು ಚಿಕಿನಿ ಅಥವಾ ಗೊಂಡಾಂಗ್ಡಿಯಾ ಸುತ್ತಮುತ್ತ ಹುಡುಕಿ. ಇದು ನನ್ನ ಖಚಿತ ಅಭಿಪ್ರಾಯ. ದಕ್ಷಿಣದ ಬೋಗೊರ್‌ನಿಂದ ಉತ್ತರದ ಹಳೇ ಊರಿಗೆ ಹೋಗುವ ಲೋಕಲ್ ರೈಲು ಇದೇ ದಾರಿಯಲ್ಲಿ ಓಡುತ್ತದೆ. ಚಿಕಿನಿಯಿಂದಾಚೆ ಹಳಿ ಮೇಲ್ಸೇತುವೆಯ ಮೇಲೆ. ಕೆಳಗೆ ಟ್ರಾಫಿಕ್ ನಿಂತಿರುವಾಗ ನೀವು ಹೆಂಚಿನ ಮನೆಗಳ ಮೇಲಿಂದ ಸಾಗುತ್ತೀರಿ. ಟಿಕೆಟ್ 3,000 ರುಪಯ್ಯಾ, ನಮ್ಮ ಹದಿನಾರು ರೂಪಾಯಿ. ಮೊದಲ ಮತ್ತು ಕೊನೆಯ ಬೋಗಿ ಹೆಂಗಸರಿಗೇ ಮೀಸಲು. ನಾವಿಬ್ಬರೂ ಹೆಂಗಸರು, ಒಂದು ದಿನವೂ ತೊಂದರೆ ಆಗಲಿಲ್ಲ.

ಕಾರ್ಡಿನ ವಿಷಯ ಮರೆಯಬೇಡಿ. ಯಾವುದಾದರೂ ಬ್ಯಾಂಕಿನ ದುಡ್ಡು ತುಂಬುವ ಕಾರ್ಡನ್ನು ನಿಲ್ದಾಣದಲ್ಲೋ ಬೀದಿ ಬೀದಿಗೂ ಇರುವ ಇಂಡೊಮಾರೆತ್ ಅಂಗಡಿಯಲ್ಲೋ ಕೊಳ್ಳಿ. ಒಬ್ಬರಿಗೊಂದು ಬೇಕು, ಒಂದೇ ಕಾರ್ಡಿನಲ್ಲಿ ಇಬ್ಬರು ದಾಟಲು ಬಿಡುವುದಿಲ್ಲ. ಲೋಕಲ್ ರೈಲು, 2019ರಲ್ಲಿ ಶುರುವಾದ ಮೆಟ್ರೋ, ತಮ್ಮದೇ ಲೇನಿನಲ್ಲಿ ಓಡುವ ಟ್ರಾನ್ಸ್‌ಜಕಾರ್ತ ಬಸ್ಸು, ಮೂರಕ್ಕೂ ಅದೇ ಕಾರ್ಡು. ಬಸ್ಸಿಗೆ 3,500 ರುಪಯ್ಯಾ, ಎಷ್ಟು ದೂರ ಹೋದರೂ ಅಷ್ಟೇ. ನಡೆಯುವುದಾದರೆ ಸುದಿರ್ಮಾನ್–ತಮ್ರಿನ್ ರಸ್ತೆಯಲ್ಲಿ ಅಗಲವಾದ ಫುಟ್‌ಪಾತ್ ಇದೆ. ಒಳರಸ್ತೆಗಳಲ್ಲಿ ಅದು ಇದ್ದಕ್ಕಿದ್ದಂತೆ ಚರಂಡಿಯ ಮೇಲೆ ಮುಗಿದುಹೋಗುತ್ತದೆ. ಭಾನುವಾರ ಬೆಳಿಗ್ಗೆ ಆರರಿಂದ ಹತ್ತರವರೆಗೆ ಆ ದೊಡ್ಡ ರಸ್ತೆಗೆ ವಾಹನ ಬಿಡುವುದಿಲ್ಲ. ಊರಿಗೆ ಊರೇ ಇಳಿದು ನಡೆಯುತ್ತದೆ, ಸೈಕಲ್ ತುಳಿಯುತ್ತದೆ. ಭಾನುವಾರ ಸಿಗುವ ಹಾಗೆ ದಿನ ಗೊತ್ತು ಮಾಡಿಕೊಳ್ಳಿ. ಸೋಮವಾರ ಮ್ಯೂಸಿಯಂಗಳಿಗೆ ರಜೆ.

ದೊಡ್ಡ ಮಾಲ್‌ಗಳ ಹಿಂದೆಯೇ ‘ಕಾಂಪುಂಗ್’ಗಳಿವೆ. ಅಂದರೆ ಹಳ್ಳಿ. ಐದು ನಿಮಿಷ ನಡೆದರೆ ಎರಡು ಮಾರು ಅಗಲದ ಓಣಿ, ನೇತುಹಾಕಿದ ಹಕ್ಕಿ ಪಂಜರ, ಕೋಳಿಗಳು, ಬಾಗಿಲಲ್ಲೇ ಕೂತು ತೆಂಪೆ (ಸೋಯಾ ಕಾಳು ಹುದುಗಿಸಿ ಮಾಡಿದ ಬಿಲ್ಲೆ) ಕರಿಯುವ ಹೆಂಗಸರು. ‘ಪೆರ್ಮಿಸಿ’, ಅಂದರೆ ‘ಸ್ವಲ್ಪ ದಾರಿ ಬಿಡಿ’, ಅಂದು ಚೂರು ತಲೆ ಬಗ್ಗಿಸಿದರೆ ಎಲ್ಲರೂ ನಗುತ್ತಾರೆ. ಸಂಜೆ ಹೊತ್ತು ಪೀಪಿ ಊದಿದ ಹಾಗೆ ಒಂದು ಸದ್ದು ಕೇಳಿದರೆ ಅದರ ಹಿಂದೆ ಹೋಗಿ. ಅದು ಕುಎ ಪುತು ಮಾರುವ ಗಾಡಿ, ಸದ್ದು ಮಾಡುವುದು ಅದರ ಹಬೆ. ಬಿದಿರಿನ ಕೊಳವೆಯಲ್ಲಿ ಅಕ್ಕಿ ಹಿಟ್ಟು, ನಡುವೆ ತಾಳೆ ಬೆಲ್ಲ, ಮೇಲೆ ತೆಂಗಿನ ತುರಿ. ನಾವು ಕುಂದಾಪುರದ ಕಡೆಯವರು. ಬಾಯಿಗಿಟ್ಟ ಕೂಡಲೇ ಅಕ್ಕ ಕಣ್ಣು ಮುಚ್ಚಿದಳು.

ಸಸ್ಯಾಹಾರಿಗಳಿಗೆ ಊಟ ಕಷ್ಟವಲ್ಲ, ಆದರೆ ಕೇಳಿ ತಿನ್ನಬೇಕು. ಗದೊ-ಗದೊ ಅಂದರೆ ಬೇಯಿಸಿದ ತರಕಾರಿ, ತೋಫು, ಮೇಲೆ ಕಡಲೆಕಾಯಿ ಚಟ್ನಿ. ಕೆತೋಪ್ರಾಕ್‌ನಲ್ಲಿ ಅದೇ ಚಟ್ನಿಯ ಜೊತೆ ಅಕ್ಕಿ ಶಾವಿಗೆ ಮತ್ತು ಬಾಳೆಲೆಯಲ್ಲಿ ಬೇಯಿಸಿದ ಅನ್ನದ ಕಡುಬು ಇರುತ್ತದೆ. ಸಮಸ್ಯೆ ‘ತೆರಾಸಿ’ಯದು. ಅದು ಸೀಗಡಿಯನ್ನು ಹುದುಗಿಸಿ ಅರೆದ ಮುದ್ದೆ, ಚಟ್ನಿಗಳಲ್ಲಿ ಕಣ್ಣಿಗೆ ಕಾಣದ ಹಾಗೆ ಬೆರೆತಿರುತ್ತದೆ. ಒಂದು ಕಡೆ ನಾವು ಕೇಳದೆ ತಿಂದು, ಆಮೇಲೆ ಗೊತ್ತಾಗಿ ಅಕ್ಕ ರಾತ್ರಿ ಊಟವನ್ನೇ ಬಿಟ್ಟಳು. ‘ತನ್ಪಾ ತೆರಾಸಿ, ತನ್ಪಾ ಇಕಾನ್, ತನ್ಪಾ ದಾಗಿಂಗ್’ ಅನ್ನುವುದನ್ನು ಬಾಯಿಪಾಠ ಮಾಡಿ. ತೆರಾಸಿ ಬೇಡ, ಮೀನು ಬೇಡ, ಮಾಂಸ ಬೇಡ ಅಂತ. ಜೊತೆಗೆ ಕೊಡುವ ಹಪ್ಪಳ ಸೀಗಡಿಯದ್ದಾ ಅಂತಲೂ ಕೇಳಿ. ನಮ್ಮ ಊಟವೇ ಬೇಕು ಅನ್ನಿಸಿದರೆ ಪಸಾರ್ ಬಾರುಗೆ ಹೋಗಿ. ಹಿಂದೆ ಸಿಂಧಿ ವ್ಯಾಪಾರಿಗಳು ಬಟ್ಟೆ ಅಂಗಡಿ ತೆರೆದ ಪೇಟೆ ಅದು, ಒಂದು ಗುರುದ್ವಾರವೂ ಇದೆ. ನಲ್ಲಿ ನೀರು ಕುಡಿಯಬೇಡಿ.

ಭಾಷೆಯಲ್ಲಿ ನಮಗೆ ಗುರುತು ಹತ್ತುವ ಪದಗಳು ಬೇಕಾದಷ್ಟಿವೆ. ಟಾಯ್ಲೆಟ್ ಬಾಗಿಲ ಮೇಲೆ ಗಂಡಸರಿಗೆ ‘ಪ್ರಿಯಾ’, ಹೆಂಗಸರಿಗೆ ‘ವನಿತಾ’ ಅಂತ ಬರೆದಿರುತ್ತಾರೆ. ಗಂಡ ‘ಸುಆಮಿ’, ಹೆಂಡತಿ ‘ಇಸ್ತ್ರಿ’, ಭೂಮಿ ‘ಬುಮಿ’. 132 ಮೀಟರ್ ಎತ್ತರದ ಮೊನಾಸ್ ಸ್ತಂಭದ ಹತ್ತಿರ, ರಸ್ತೆ ನಡುವೆ ಅರ್ಜುನನ ರಥದ ದೊಡ್ಡ ಶಿಲ್ಪವಿದೆ. ಅಲ್ಲೇ ಮುಂದೆ ಇಸ್ತಿಕ್ಲಾಲ್ ಮಸೀದಿ, ಎದುರಿಗೇ 1901ರ ಕ್ಯಾಥೆಡ್ರಲ್. ಮಸೀದಿಯ ನಕ್ಷೆ ಮಾಡಿದ ಫ್ರೆಡೆರಿಕ್ ಸಿಲಬಾನ್ ಕ್ರೈಸ್ತರು. ನಮಾಜಿನ ಹೊತ್ತು ಬಿಟ್ಟು ಹೋದರೆ ಒಳಗೆ ತೋರಿಸುತ್ತಾರೆ.

ಇವೆಲ್ಲಕ್ಕಿಂತ ಜಾಸ್ತಿ ಹೊತ್ತು ನ್ಯಾಷನಲ್ ಮ್ಯೂಸಿಯಂನಲ್ಲಿ ಕಳೆಯಿರಿ. 2023ರಲ್ಲಿ ಬೆಂಕಿ ಬಿದ್ದು ಮುಚ್ಚಿತ್ತು, ಮರುವರ್ಷ ಮತ್ತೆ ತೆರೆಯಿತು. ಸುಮಾತ್ರದಿಂದ ತಂದ ನಾಲ್ಕು ಮೀಟರಿಗೂ ಎತ್ತರದ ಭೈರವನ ಮುಂದೆ ಎಲ್ಲರೂ ನಿಲ್ಲುತ್ತಾರೆ. ನಾನು ನಿಂತಿದ್ದು ಒಂದು ಗುಂಡು ಕಲ್ಲಿನ ಮುಂದೆ. ಅದು ತುಗು ಶಾಸನ, ಇದೇ ಜಕಾರ್ತದ ಉತ್ತರದಲ್ಲಿ ಸಿಕ್ಕಿದ್ದು. 5ನೇ ಶತಮಾನ, ಅಂದರೆ ಹೆಚ್ಚುಕಮ್ಮಿ ನಮ್ಮ ಹಲ್ಮಿಡಿ ಶಾಸನದ ಕಾಲ. ಪಲ್ಲವ ಲಿಪಿ, ಸಂಸ್ಕೃತ ಭಾಷೆ. ಪೂರ್ಣವರ್ಮ ಅನ್ನುವ ರಾಜ ಗೋಮತಿ ಎಂಬ ಕಾಲುವೆಯನ್ನು 21 ದಿನದಲ್ಲಿ ತೋಡಿಸಿ, ಬ್ರಾಹ್ಮಣರಿಗೆ ಸಾವಿರ ಹಸು ದಾನ ಕೊಟ್ಟ ಅಂತ ಅದರಲ್ಲಿದೆ. ಅದಕ್ಕಿಂತ ಮುಂಚೆ ತೋಡಿದ ಇನ್ನೊಂದರ ಹೆಸರು ಚಂದ್ರಭಾಗಾ. ಒಂದೂವರೆ ಸಾವಿರ ವರ್ಷದ ಹಿಂದೆಯೂ ಇಲ್ಲಿ ನೀರಿಗೆ ದಾರಿ ಮಾಡಿಕೊಡುವುದೇ ದೊಡ್ಡ ಕೆಲಸವಾಗಿತ್ತು. ಆಮೇಲೆ ಡಚ್ಚರು ಬಂದು 1619ರಲ್ಲಿ ಬಟಾವಿಯಾ ಕಟ್ಟಿದರು, ಅವರೂ ಕಾಲುವೆಗಳನ್ನೇ ತೋಡಿದರು. ಈ ಕಲ್ಲನ್ನು ನೋಡಿದ ಮೇಲೆ ರೈಲು ಹತ್ತಿ ಉತ್ತರಕ್ಕೆ ಹೋಗಿ. ಹಿಂದುಮುಂದು ಮಾಡಬೇಡಿ.

ಕೊನೆಯ ನಿಲ್ದಾಣ ಜಕಾರ್ತ ಕೋತಾ. ಅದಕ್ಕೆ ಮುಂಚಿನ ನಿಲ್ದಾಣದ ಹೆಸರು ಜಯಕರ್ತ, ಊರಿನ ಹಳೇ ಹೆಸರೇ ಅದು. ಇಳಿದು ಐದು ನಿಮಿಷ ನಡೆದರೆ ಫತಾಹಿಲ್ಲಾ ಚೌಕ, 1710ರ ಡಚ್ ಟೌನ್‌ಹಾಲ್. ರಜಾ ದಿನ ತುಂಬಾ ಗದ್ದಲ. ಫೋಟೋ ತೆಗೆದು ಮುಂದೆ ಹೋಗಿ. ಒಂದು ಮೈಲಿಯ ಆಸುಪಾಸಿನಲ್ಲಿ ಸುಂದಾ ಕೆಲಾಪಾ ಬಂದರು ಇದೆ. ದೊಡ್ಡ ಮರದ ಹಡಗುಗಳಿಗೆ ಇಂದಿಗೂ ಅಲ್ಲಿ ಸಿಮೆಂಟ್ ಮೂಟೆ ಹೇರುತ್ತಾರೆ. ಪಕ್ಕದಲ್ಲಿ ಡಚ್ಚರು ಮಸಾಲೆ ತುಂಬಿಡುತ್ತಿದ್ದ ಗೋದಾಮುಗಳು ಈಗ ಸಮುದ್ರ ಮ್ಯೂಸಿಯಂ. ಅದರ ಎದುರಿಗೆ ವಾಲಿಕೊಂಡು ನಿಂತಿರುವ ಶಹಬಂದರ್ (ಅಂದರೆ ಬಂದರಿನ ಅಧಿಕಾರಿ) ಗೋಪುರ.

ಅಲ್ಲಿಂದ ಆ್ಯಪ್‌ನಲ್ಲಿ ಕಾರು ಕರೆದು ಮುಆರಾ ಬಾರುಗೆ ಹೋಗಿ. ನಾವು ಹೋದ ದಾರಿಯ ಎಡಕ್ಕೆ ಮನೆಗಳು, ಬಲಕ್ಕೆ ಎತ್ತರದ ಕಾಂಕ್ರೀಟ್ ಗೋಡೆ. ಗೋಡೆಯ ಮೇಲೆ ಹತ್ತಿ ನೋಡಿದೆವು. ಆಚೆ ಬದಿ ಸಮುದ್ರ. ನೀರು ನಾವು ಇಳಿದು ಬಂದ ರಸ್ತೆಗಿಂತ ಮೇಲಿತ್ತು. ಮೀನು ದೋಣಿಗಳು ಮನೆಗಳ ಬಾಗಿಲಿಗಿಂತ ಎತ್ತರದಲ್ಲಿ ತೇಲುತ್ತಿದ್ದವು. ಸ್ವಲ್ಪ ಆಚೆ ಗೋಡೆಯ ಹೊರಗೆ ಉಳಿದುಹೋದ ಒಂದು ಮಸೀದಿ, ವಾಲಾದುನಾ. ನೆಲ ನೀರಿನಲ್ಲಿ ಮುಳುಗಿದೆ, ಗೋಡೆಗಳು ಪಾಚಿ ಹಿಡಿದು ನಿಂತಿವೆ. ಕರಾವಳಿಯಲ್ಲಿ ಹುಟ್ಟಿದ ನಮಗೆ ಸಮುದ್ರ ಅಂದರೆ ಯಾವಾಗಲೂ ಅಂಗಳದಿಂದ ಕೆಳಗೆ ಇಳಿದು ಹೋಗುವ ಜಾಗ. ಅದು ತಲೆಯ ಮೇಲಿದ್ದದ್ದನ್ನು ನೋಡಿ ಅಕ್ಕನೂ ನಾನೂ ಬಹಳ ಹೊತ್ತು ಮಾತಾಡಲಿಲ್ಲ.

ಇಲ್ಲಿ ಸಮುದ್ರ ಏರುತ್ತಿರುವುದಕ್ಕಿಂತ ಬೇಗ ನೆಲ ಇಳಿಯುತ್ತಿದೆ. ಕಾರಣ ನಮಗೆ ಗೊತ್ತಿರುವುದೇ. ಎಷ್ಟೋ ಮನೆಗಳಿಗೆ, ಕಟ್ಟಡಗಳಿಗೆ ಪೈಪಿನ ನೀರು ಸಾಲದೆ ಬೋರ್‌ವೆಲ್ ಕೊರೆದು ನೀರೆತ್ತಿದರು. ಕೆಳಗಿನ ಮೆತ್ತನೆಯ ಮಣ್ಣು ಕುಸಿಯಿತು. ಉತ್ತರದ ಕೆಲವು ಕಡೆ ನೆಲ ಹತ್ತೇ ವರ್ಷದಲ್ಲಿ ಎರಡೂವರೆ ಮೀಟರ್ ಇಳಿದಿದೆ. ಹದಿಮೂರು ನದಿಗಳು ಈ ಊರಿನೊಳಗೆ ಹರಿದು ಬರುತ್ತವೆ. 2007, 2013, 2020ರ ಪ್ರವಾಹಗಳನ್ನು ಅಲ್ಲಿನ ಜನ ಇನ್ನೂ ಮಾತಿಗೆ ಮಾತಿಗೆ ನೆನೆಯುತ್ತಾರೆ. ರಾಜಧಾನಿಯನ್ನೇ ಕಾಲಿಮಂತಾನ್‌ಗೆ, ಅಂದರೆ ಬೋರ್ನಿಯೊ ದ್ವೀಪದಲ್ಲಿ ಇಂಡೊನೇಷ್ಯಾಕ್ಕೆ ಸೇರಿದ ಭಾಗಕ್ಕೆ, ಸಾಗಿಸುತ್ತೇವೆ ಅಂತ ಸರ್ಕಾರ 2019ರಲ್ಲಿ ಹೇಳಿತು. ಆ ಹೊಸ ಊರಿಗೆ ಆಮೇಲೆ ನುಸಂತರ ಅಂತ ಹೆಸರಿಟ್ಟರು. ಗೋಡೆಯ ಬುಡದಲ್ಲಿ ಚಹಾ ಮಾರುತ್ತಿದ್ದ ಅಮ್ಮನನ್ನು ಫೋನಿನ ಅನುವಾದದಲ್ಲಿ ಕೇಳಿದೆ, ನೀವೂ ಹೋಗುತ್ತೀರಾ ಅಂತ. ಅವರು ಮನೆಯ ಹೊಸ್ತಿಲು ತೋರಿಸಿದರು. ಮೂರು ಸಲ ಎತ್ತರಿಸಿದ್ದಾರೆ. ಬಾಗಿಲು ಈಗ ನನ್ನ ಭುಜದ ಮಟ್ಟಕ್ಕೆ ಬಂದಿದೆ, ಅವರು ಬಗ್ಗಿಯೇ ಒಳಗೆ ಹೋಗುತ್ತಾರೆ.

ಅಲ್ಲಿಗೆ ಬೆಳಿಗ್ಗೆ ಹೋಗಿ, ಬಿಸಿಲು ಏರುವ ಮುಂಚೆ. ಭರತದ ಹೊತ್ತು ನೋಡಿಕೊಂಡು ಹೋದರೆ ನೀರಿನ ಮಟ್ಟ ಸರಿಯಾಗಿ ಕಾಣುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಕೆಲವೊಮ್ಮೆ ರಸ್ತೆಗೂ ನೀರು ಬರುತ್ತದೆ, ನೆನೆದರೂ ಪರವಾಗಿಲ್ಲದ ಚಪ್ಪಲಿ ಹಾಕಿಕೊಳ್ಳಿ. ಅದು ಬಡ ಮೀನುಗಾರರ ಕೇರಿ. ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡಿ, ಚಹಾ, ತಿಂಡಿ ಅಲ್ಲೇ ಕೊಳ್ಳಿ. ಜನವರಿ, ಫೆಬ್ರುವರಿಯಲ್ಲಿ ಮಳೆ ಜೋರು, ಜಕಾರ್ತವನ್ನು ಆಗ ಬಿಟ್ಟುಬಿಡಿ. ಜೂನ್‌ನಿಂದ ಸೆಪ್ಟೆಂಬರ್ ಒಣಹವೆ, ಆದರೆ ಗಾಳಿ ಕೆಟ್ಟಿರುತ್ತದೆ, ಉಬ್ಬಸ ಇರುವವರು ಮಾಸ್ಕ್ ಮರೆಯಬಾರದು. ಗೋಡೆಯ ಹತ್ತಿರ ನಾವು ಇಟ್ಟುಕೊಂಡಿದ್ದು ಎರಡೇ ಗಂಟೆ. ನೀವು ಅರ್ಧ ದಿನ ಇಟ್ಟುಕೊಳ್ಳಿ.