ಅವ್ವನ ಹೆಸರಿನ ಹಣ ಮತ್ತು ಮಿಷನ್ ಆಸ್ಪತ್ರೆಯ ಹಳೆಯ ದಪ್ತರಗಳು

ಬೆಂಗಳೂರು–ಮೈಸೂರು ಹೆದ್ದಾರಿಯ ಅಗಲೀಕರಣಕ್ಕೆ ಅವ್ವನ ಹೆಸರಿನಲ್ಲಿದ್ದ ಮೂವತ್ತು ಗುಂಟೆ ಗದ್ದೆ ಹೋಯಿತು. ಪರಿಹಾರದ ಹಣ ಕೈಗೆ ಬರುವ ಹೊತ್ತಿಗೆ ಅವ್ವ ಇರಲಿಲ್ಲ. ಇಪ್ಪತ್ತೆಂಟು ವರ್ಷ ಸಕ್ಕರೆ ಕಾಯಿಲೆಯೊಡನೆ ಬಾಳಿ, ಕೊನೆಯ ಎರಡು ವರ್ಷ ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ಊರಿನಿಂದ ಮಂಡ್ಯಕ್ಕೆ ಓಡಾಡಿ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. ಬಂದ ಹಣದಲ್ಲಿ 18 ಲಕ್ಷ ರೂಪಾಯಿಯನ್ನು ಅವರ ಹೆಸರಿನಲ್ಲಿ ಯಾವುದಾದರೂ ಒಳ್ಳೆಯ ಕೆಲಸಕ್ಕೆ ತೆಗೆದಿಡಬೇಕೆಂದು ಅಣ್ಣ, ನಾನು, ತಂಗಿ ಮೂವರೂ ಒಪ್ಪಿದ್ದೆವು. ಯಾವ ಕೆಲಸಕ್ಕೆ ಎಂಬ ಮಾತು ವರ್ಷದ ತಿಥಿಯ ದಿನ, ನೆಂಟರೆಲ್ಲ ಉಂಡು ಹೊರಟ ಮೇಲೆ ಬಂತು.

ಅಣ್ಣನ ಮನಸ್ಸಿನಲ್ಲಿ ಡಯಾಲಿಸಿಸ್ ಯಂತ್ರವಿತ್ತು. ನಾನು ಸಂಶೋಧನೆಗೆ ಕೊಡೋಣವೆಂದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಿಷಿನ್ ಕೊಟ್ರೆ ಅದ್ರ ಮೇಲೆ ಅವ್ವನ ಹೆಸ್ರು ಇರ್ತದೆ ಕಣೋ. ಇನ್ನೊಬ್ರ ಅವ್ವ ಅದ್ರಿಂದ ಉಳ್ಕೋತಾರೆ. ನೀನು ಹೇಳೋ ಸಂಶೋಧ್ನೆಯಿಂದ ಯಾರು ಉಳೀತಾರೆ ಹೇಳು?" ಎಂದು ಕೇಳಿದರು. ಮೂವತ್ತು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿದ ನನಗೆ ಆ ಪ್ರಶ್ನೆಗೆ ಅಂದು ಸರಿಯಾದ ಉತ್ತರ ಕೊಡಲಾಗಲಿಲ್ಲ. ಅವರಿಗೆ ಹೇಳಬೇಕಾಗಿದ್ದುದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಯಂತ್ರದ ಬಗ್ಗೆ ಹಗುರವಾಗಿ ಮಾತನಾಡುವ ಹಕ್ಕು ನನಗಿಲ್ಲ. ನಸುಕಿನ ಐದು ಗಂಟೆಗೆ ಅವ್ವನನ್ನು ಕರೆದುಕೊಂಡು ಹೋಗಿ ಸರದಿಗಾಗಿ ಕಾದು ಕುಳಿತವನು ನಾನು. ಅಲ್ಲಿ ನಮ್ಮ ಜೊತೆ ಕಾಯುತ್ತಿದ್ದವರಲ್ಲಿ ಅನೇಕರು ಅವ್ವನಿಗಿಂತ ಚಿಕ್ಕವರು. ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡುವ ಹೆಂಗಸರು, ಲಾರಿ ಓಡಿಸುವ ಹುಡುಗರು. ಅವರನ್ನು ನೋಡುತ್ತಾ ಕುಳಿತಾಗಲೇ ಈ ಕಾಯಿಲೆ ಮೂತ್ರಪಿಂಡವನ್ನು ಮುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲು ಏನು ನಡೆದಿರುತ್ತದೆ ಎಂಬ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು. ಅದಕ್ಕೆ ಉತ್ತರ ಹುಡುಕುವ ಕೆಲಸ ನಮ್ಮ ಮೈಸೂರಿನಲ್ಲೇ ನಡೆದಿದೆ ಎಂಬುದು ಊರಿನ ಬಹುಪಾಲು ಜನಕ್ಕೆ ತಿಳಿದಿಲ್ಲ.

ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಮೈಸೂರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. 1906ರಲ್ಲಿ ಆರಂಭವಾದ ಆ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಪ್ತರಗಳಲ್ಲಿ ಬರೆದಿಡಲಾಗಿತ್ತು. ಬರೆದ ದಾದಿಯರಿಗೆ ಅದು ದಿನನಿತ್ಯದ ಕೆಲಸ. ಮುಂದೊಂದು ದಿನ ಇದರಿಂದ ಏನಾದರೂ ತಿಳಿಯಬಹುದೆಂದು ಅವರು ಊಹಿಸಿರಲಾರರು. ಆ ದಪ್ತರಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ರದ್ದಿಗೆ ಹೋಗದೆ ಉಳಿದುಕೊಂಡವು. ಹಳೆಯ ಕಾಗದವೆಂದರೆ ಗೆದ್ದಲಿಗೆ ಬಿಡುವುದು ಅಥವಾ ತೂಕಕ್ಕೆ ಹಾಕುವುದು ಎಂದು ತಿಳಿದ ನಮ್ಮ ನಡುವೆ ಇದು ಎಂಥ ಭಾಗ್ಯ ಎಂದು ಪ್ರತಿ ಸಲವೂ ಅನ್ನಿಸುತ್ತದೆ.

ತಾಯಿಯ ಗರ್ಭದಲ್ಲಿ ಶಿಶುವಿಗೆ ಸಿಗುವ ಪೋಷಣೆಯೇ ಮುಂದಿನ ಹೃದಯರೋಗಕ್ಕೂ ಸಕ್ಕರೆ ಕಾಯಿಲೆಗೂ ಬುನಾದಿ ಹಾಕುತ್ತದೆಯೇ ಎಂದು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಡೇವಿಡ್ ಬಾರ್ಕರ್ ಮತ್ತು ಅವರ ಸಹೋದ್ಯೋಗಿಗಳು ಪರಿಶೀಲಿಸುತ್ತಿದ್ದರು. ಅದೇ ತಂಡದ ಕ್ಯಾರೊಲಿನ್ ಫಾಲ್ ಮತ್ತು ಇಲ್ಲಿನ ವೈದ್ಯರು 1990ರ ದಶಕದಲ್ಲಿ ಈ ದಪ್ತರಗಳನ್ನು ಹಿಡಿದು ಆಸ್ಪತ್ರೆಯ ಸುತ್ತಮುತ್ತ ಮನೆ ಮನೆ ಸಮೀಕ್ಷೆ ಮಾಡಿಸಿದರು. ನನ್ನ ಹೆಂಡತಿಯ ಅಣ್ಣ ಆಗ ತಿಲಕ್ ನಗರದಲ್ಲಿದ್ದರು. ಒಂದು ಮಧ್ಯಾಹ್ನ ಇಬ್ಬರು ಬಾಗಿಲಿಗೆ ಬಂದು, "ನೀವು ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರೇ? ನಿಮ್ಮ ತಾಯಿಯ ಹೆಸರೇನು?" ಎಂದು ಕೇಳಿದರಂತೆ. ಹುಟ್ಟಿದಾಗ ತಾವು ಐದು ಪೌಂಡಿದ್ದ ವಿಷಯ ಅವರಿಗೆ ತಿಳಿದದ್ದು ನಲವತ್ತು ದಾಟಿದ ಮೇಲೆ, ಆ ಸಮೀಕ್ಷೆಯಿಂದ. ತಮ್ಮ ತಾಯಿ ಬದುಕಿದ್ದಾಗಲೂ ಈ ಮಾತು ಹೇಳಿರಲಿಲ್ಲವೆಂದು ಅವರು ಬಹಳ ದಿನ ಹೇಳಿಕೊಂಡು ತಿರುಗಿದರು.

1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮೊದಲ ಫಲಿತಾಂಶ ಪ್ರಕಟವಾಯಿತು. 1934ರಿಂದ 1954ರ ನಡುವೆ ಆ ಆಸ್ಪತ್ರೆಯಲ್ಲಿ ಹುಟ್ಟಿದ 517 ಜನರನ್ನು ಪರೀಕ್ಷಿಸಿದಾಗ, ಹುಟ್ಟಿನ ತೂಕ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇಕಡಾ 11ರಷ್ಟು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು. ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ಅದು ಶೇಕಡಾ 3ಕ್ಕೆ ಇಳಿದಿತ್ತು. ಇದು ಇಂಗ್ಲೆಂಡಿನಲ್ಲಿ ಕಂಡದ್ದಕ್ಕೆ ಹೊಂದುತ್ತಿತ್ತು. ಆದರೆ ಸಕ್ಕರೆ ಕಾಯಿಲೆಯ ಲೆಕ್ಕ ಹೊಂದಲಿಲ್ಲ. ಅಲ್ಲಿ ಕಡಿಮೆ ತೂಕದ ಶಿಶುಗಳೇ ಮುಂದೆ ಸಕ್ಕರೆ ಕಾಯಿಲೆಗೆ ಹೆಚ್ಚು ತುತ್ತಾಗುತ್ತಿದ್ದರೆ, ಮೈಸೂರಿನಲ್ಲಿ ಉದ್ದಕ್ಕೆ ಕುಳ್ಳಗಿದ್ದು ಗುಂಡಗಿದ್ದ ಶಿಶುಗಳಲ್ಲಿ, ತಾಯಿಯ ಮೈತೂಕ ಹೆಚ್ಚಿದ್ದವರಲ್ಲಿ ಕಾಯಿಲೆ ಹೆಚ್ಚು ಕಂಡಿತು. ಗರ್ಭಿಣಿಯಾಗಿದ್ದಾಗ ತಾಯಿಗೇ ಸಕ್ಕರೆ ಏರಿದ್ದು ಗಮನಕ್ಕೆ ಬಾರದೆ ಹೋಗಿತ್ತೇ ಎಂಬ ಅನುಮಾನ ಇದರಿಂದ ಎದ್ದಿತು. ಬೇರೆ ದೇಶದಲ್ಲಿ ಸಿಕ್ಕ ಉತ್ತರವನ್ನು ನಮ್ಮ ಮೈಗೆ ಹಾಗೆಯೇ ಒಪ್ಪಿಸಲಾಗದು, ಇಲ್ಲಿಯ ಪ್ರಶ್ನೆಯನ್ನು ಇಲ್ಲಿಯೇ ಕೇಳಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣ ಈ ಒಂದು ವ್ಯತ್ಯಾಸ.

ಆ ಅನುಮಾನವನ್ನು ಪರೀಕ್ಷಿಸಲು 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಸುಮಾರು 830 ಗರ್ಭಿಣಿಯರನ್ನು ಸೇರಿಸಿಕೊಂಡು ಹೊಸ ಅಧ್ಯಯನ ಆರಂಭವಾಯಿತು. ಅವರಲ್ಲಿ ಶೇಕಡಾ 6ರಷ್ಟು ತಾಯಂದಿರಿಗೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆಯಿತ್ತು. ಶೇಕಡಾ 43ರಷ್ಟು ಮಂದಿಯಲ್ಲಿ ಬಿ12 ಜೀವಸತ್ವದ ಕೊರತೆಯಿತ್ತು. ಹುಟ್ಟಿದ ಮಕ್ಕಳನ್ನು ಡಾ. ಜಿ.ವಿ. ಕೃಷ್ಣವೇಣಿ ಮತ್ತು ಅವರ ತಂಡ ಬೆಳೆದು ದೊಡ್ಡವರಾಗುವವರೆಗೂ ಮತ್ತೆ ಮತ್ತೆ ಕರೆಸಿ ಅಳೆದು ನೋಡಿತು. ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತು ಹತ್ತು ವರ್ಷಕ್ಕೇ ಮೈಯ ಕೊಬ್ಬು ಹೆಚ್ಚಿದ್ದು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವ ಲಕ್ಷಣಗಳು ಕಂಡುಬಂದವು. ಈ ಅಧ್ಯಯನಕ್ಕೆ ಪಾರ್ಥೆನಾನ್ ಅಧ್ಯಯನವೆಂದು ಹೆಸರು. ಅದಕ್ಕೆ ಹಣ ಕೊಟ್ಟ ಸ್ವಿಟ್ಜರ್ಲೆಂಡಿನ ಪಾರ್ಥೆನಾನ್ ಟ್ರಸ್ಟ್ ಎಂಬ ದತ್ತಿಸಂಸ್ಥೆಯಿಂದ ಬಂದ ಹೆಸರದು. ಮುಂದಿನ ಹಂತಗಳಿಗೆ ಇಂಗ್ಲೆಂಡಿನ ವೆಲ್‌ಕಮ್ ಟ್ರಸ್ಟ್ ಮತ್ತು ಅಲ್ಲಿನ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವೂ ಸಿಕ್ಕಿತು. ವೆಲ್‌ಕಮ್ ಟ್ರಸ್ಟ್ ಎಂಬುದು ಔಷಧಿ ಕಂಪನಿ ಕಟ್ಟಿದ ಹೆನ್ರಿ ವೆಲ್‌ಕಮ್ 1936ರಲ್ಲಿ ಸತ್ತಾಗ ತಮ್ಮ ಕಂಪನಿಯ ಷೇರುಗಳನ್ನೆಲ್ಲ ಸಂಶೋಧನೆಗೆಂದು ಉಯಿಲು ಬರೆದಿಟ್ಟಿದ್ದರಿಂದ ಹುಟ್ಟಿದ್ದು.

ಚಾಮುಂಡಿ ಬೆಟ್ಟವನ್ನು ಕಣ್ಣಿನಿಂದ ಕಾಣದವರ ಹಣ ಮಂಡಿ ಮೊಹಲ್ಲಾದ ಮಕ್ಕಳನ್ನು ಇಪ್ಪತ್ತು ವರ್ಷ ಹಿಂಬಾಲಿಸಿತು ಎಂಬುದನ್ನು ನೆನೆದಾಗ ನನಗೆ ಕೃತಜ್ಞತೆಯೂ ಆಗುತ್ತದೆ, ಸಂಕಟವೂ ಆಗುತ್ತದೆ. ಕೊಡುವುದು ನಮ್ಮ ನೆಲಕ್ಕೆ ಹೊಸದಲ್ಲ. ಕೆರೆ ಕಟ್ಟಿಸಿದ್ದು, ಅರವಟ್ಟಿಗೆ ಇಟ್ಟದ್ದು, ಛತ್ರಕ್ಕೆ ಉಂಬಳಿ ಬಿಟ್ಟದ್ದು ಊರೂರಿನ ಶಾಸನಗಳಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರು ಕ್ಷಯದಿಂದ ತೀರಿಕೊಂಡ ಸೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಮೈಸೂರಿನಲ್ಲಿ ಕ್ಷಯರೋಗದ ಆಸ್ಪತ್ರೆ ಕಟ್ಟಿಸಿದರು. ಜೆಮ್ಷೆಡ್‌ಜಿ ಟಾಟಾ ಕಂಡ ವಿಜ್ಞಾನ ಸಂಸ್ಥೆಯ ಕನಸಿಗೆ ಬೆಂಗಳೂರಿನಲ್ಲಿ 371 ಎಕರೆ ಭೂಮಿ ಕೊಟ್ಟಿದ್ದು ಮೈಸೂರು ಸಂಸ್ಥಾನ. ಆದರೆ ಕಾಲ ಸರಿದಂತೆ ನಮ್ಮ ದಾನ ಕಟ್ಟಡಕ್ಕೂ ಕಲ್ಲಿನ ಮೇಲಿನ ಹೆಸರಿಗೂ ಸೀಮಿತವಾಗುತ್ತಾ ಬಂತು ಎಂದು ನನಗನ್ನಿಸುತ್ತದೆ. ಇದಕ್ಕೆ ಹೊರತಾದವರೂ ಇದ್ದಾರೆ. ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಮೆಹರ್‌ಬಾಯಿ ಟಾಟಾ ಅವರ ನೆನಪಿಗೆ ಪತಿ ದೊರಾಬ್‌ಜಿ ಟಾಟಾ 1932ರಲ್ಲಿ ಸ್ಥಾಪಿಸಿದ ಟ್ರಸ್ಟಿನ ಹಣದಲ್ಲಿ ಹೆಚ್ಚಿನ ಪಾಲು ಆ ಕಾಯಿಲೆಯ ಸಂಶೋಧನೆಗೇ ಮೀಸಲು. ನಮ್ಮ ಕಾಲದಲ್ಲಿ ಇನ್ಫೋಸಿಸ್ ಕಟ್ಟಿದವರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ಪ್ರತೀಕ್ಷಾ ಟ್ರಸ್ಟ್ 225 ಕೋಟಿ ರೂಪಾಯಿ ಕೊಟ್ಟು ವಿಜ್ಞಾನ ಸಂಸ್ಥೆಯಲ್ಲಿ ಮಿದುಳಿನ ಸಂಶೋಧನಾ ಕೇಂದ್ರ ನಿಲ್ಲಿಸಿತು. ಆ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ವಯಸ್ಸಾದವರ ನೆನಪಿನ ಶಕ್ತಿ ಹೇಗೆ ಕುಂದುತ್ತದೆ ಎಂಬುದನ್ನು ವರ್ಷಾನುವರ್ಷ ಗಮನಿಸುತ್ತಿದ್ದಾರೆ.

ನಮ್ಮ ಮಂಡ್ಯ ಸೀಮೆಯ ಆರೋಗ್ಯದ ಚರಿತ್ರೆಯಲ್ಲೂ ಹೊರಗಿನ ದತ್ತಿಯ ಪಾಲಿದೆ. 1920ರ ದಶಕದ ಕೊನೆಯ ಹೊತ್ತಿಗೆ ಮೈಸೂರು ಸಂಸ್ಥಾನ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಕುರಿತ ಅಧ್ಯಯನ ಆರಂಭಿಸಿತ್ತು. ಇರ್ವಿನ್ ನಾಲೆಯಲ್ಲಿ ನೀರು ಹರಿದು ಗದ್ದೆಗಳು ಹಸಿರಾದಾಗ ಚಳಿಜ್ವರವೂ ಜೊತೆಗೇ ಹಬ್ಬಿತು. ಅಜ್ಜಿ ನಾಲೆಯ ಮಾತೆತ್ತಿದಾಗಲೆಲ್ಲ ಭತ್ತವನ್ನೂ ಚಳಿಜ್ವರವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಅದೇ ಪ್ರತಿಷ್ಠಾನ 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೊಡನೆ ಕೂಡಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ತೆರೆಯಿತು. ಐದು ವರ್ಷದ ಬಳಿಕ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರೂ ಜ್ವರದಿಂದ ಮಲಗಿದಾಗ ಕಾರಣವಾದ ವೈರಸ್ಸನ್ನು ಗುರುತಿಸಿದ್ದು ಆ ಕೇಂದ್ರ. ಮಂಗನಕಾಯಿಲೆ ಬರುವುದೆಂದು ಮುಂಚೆ ಯಾರಿಗೂ ಗೊತ್ತಿರಲಿಲ್ಲ; ಪ್ರಯೋಗಾಲಯವೂ ತರಬೇತಾದ ಜನರೂ ಮೊದಲೇ ಸಿದ್ಧರಿದ್ದರು. ಹಣ ಕೊಡುವವರು ದೊಡ್ಡ ಕುಳಗಳೇ ಆಗಬೇಕೆಂದೂ ಇಲ್ಲ. ಅಮೆರಿಕದಲ್ಲಿ ಪೋಲಿಯೊ ಲಸಿಕೆಗೆ ಹಣ ಕೂಡಿಸಿದ ಸಂಸ್ಥೆಗೆ 1938ರಿಂದ ಜನ ಡಾಲರಿನ ಹತ್ತನೇ ಒಂದು ಭಾಗದ ನಾಣ್ಯಗಳನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದರು. ವಿಜ್ಞಾನಿ ಜೋನಾಸ್ ಸಾಕ್ ಅವರು ತಯಾರಿಸಿದ ಆ ಲಸಿಕೆಯನ್ನು 1954ರಲ್ಲಿ ಸುಮಾರು 18 ಲಕ್ಷ ಮಕ್ಕಳು ಪಾಲ್ಗೊಂಡ ಪ್ರಯೋಗದಲ್ಲಿ ಪರೀಕ್ಷಿಸಿದ್ದು ಆ ಚಿಲ್ಲರೆ ಕಾಸುಗಳಿಂದ.

ಸರ್ಕಾರ ಇರುವಾಗ ಖಾಸಗಿ ದತ್ತಿ ಏಕೆ ಎಂದು ತಂಗಿ ಕೇಳಿದಳು. ಸರ್ಕಾರದ ಪಾತ್ರ ದೊಡ್ಡದು, ಇನ್ನೂ ದೊಡ್ಡದಾಗಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನಮ್ಮ ದೇಶ ಎಲ್ಲ ಬಗೆಯ ಸಂಶೋಧನೆಗೂ ಸೇರಿ ಖರ್ಚು ಮಾಡುವುದು ಒಟ್ಟು ಉತ್ಪನ್ನದ ಶೇಕಡಾ 1ಕ್ಕಿಂತ ಕಡಿಮೆ. ಆದರೆ ಅನುದಾನಗಳು ಸಾಮಾನ್ಯವಾಗಿ ಎರಡು ಮೂರು ವರ್ಷದ ಲೆಕ್ಕದಲ್ಲಿ ಬರುತ್ತವೆ. ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕೆಂದು 2013ರ ಕಾಯ್ದೆ ಹೇಳುತ್ತದೆಯಾದರೂ, ಅದರ ನಿಯಮದಲ್ಲಿ ಮುಂದುವರಿಯುವ ಯೋಜನೆ ಎಂದರೆ ಆರಂಭದ ವರ್ಷ ಬಿಟ್ಟು ಹೆಚ್ಚೆಂದರೆ ಮೂರು ವರ್ಷ. ಹುಟ್ಟಿದ ಮಗು ದೊಡ್ಡದಾಗಿ ತಾನೂ ತಾಯಿಯಾಗುವವರೆಗೆ ಕಾಯಬೇಕಾದ ಪ್ರಶ್ನೆ ಇಂಥ ಲೆಕ್ಕದೊಳಗೆ ಹಿಡಿಯುವುದಿಲ್ಲ. ಒಂದು ಅನುದಾನ ಮುಗಿದು ಇನ್ನೊಂದು ಬರುವ ನಡುವಿನ ಆರು ತಿಂಗಳಲ್ಲಿ ಮನೆ ಮನೆಗೆ ಹೋಗಿ ಪರಿಚಯ ಗಳಿಸಿದ ಕಾರ್ಯಕರ್ತೆ ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾಳೆ. ಅವಳ ಜೊತೆಗೆ ಅರ್ಧ ಅಧ್ಯಯನವೇ ಹೋದಂತೆ, ಏಕೆಂದರೆ ಯಾವ ಕುಟುಂಬ ಬೋಗಾದಿಗೆ ಮನೆ ಬದಲಿಸಿತು, ಯಾವ ಹುಡುಗಿ ಮದುವೆಯಾಗಿ ನಂಜನಗೂಡಿಗೆ ಹೋದಳು ಎಂಬುದು ಅವಳಿಗೆ ಮಾತ್ರ ಗೊತ್ತಿರುತ್ತದೆ.

ಅಣ್ಣನ ಅಂಜಿಕೆಗೂ ಕಾರಣವಿತ್ತು. ನಾನು ನಿವೃತ್ತನಾದ ವರ್ಷ ಒಂದು ಸಂಸ್ಥೆಯ ಆರೋಗ್ಯ ಅಧ್ಯಯನಕ್ಕೆ ಒಂದು ಲಕ್ಷ ರೂಪಾಯಿ ಕೊಟ್ಟಿದ್ದೆ. ರಸೀದಿಯೂ ಶಾಲೂ ಬಂದವು. ಅಧ್ಯಯನ ನಡೆಯಿತೇ, ಏನು ತಿಳಿಯಿತು ಎಂಬ ವರದಿ ನಾಲ್ಕು ವರ್ಷವಾದರೂ ಬರಲಿಲ್ಲ. ಕೇಳಿ ಬರೆದ ಮೂರು ಪತ್ರಗಳಿಗೂ ಉತ್ತರವಿಲ್ಲ. ಕೊಡುವವನು ಪ್ರಶ್ನೆ ಕೇಳದಿರುವುದು ಸೌಜನ್ಯವೆಂದು ನಾನು ತಿಳಿದಿದ್ದೆ. ಅದು ನನ್ನ ತಪ್ಪು.

ಇದರ ಇನ್ನೊಂದು ತುದಿಯೂ ಇದೆ. 1960ರ ದಶಕದಲ್ಲಿ ಅಮೆರಿಕದ ಸಕ್ಕರೆ ಉದ್ಯಮದ ಸಂಘಟನೆಯೊಂದು ಹಾರ್ವರ್ಡ್‌ನ ಸಂಶೋಧಕರಿಗೆ 6,500 ಡಾಲರ್ ಕೊಟ್ಟು, ಹೃದಯರೋಗದ ಹೊಣೆಯನ್ನು ಸಕ್ಕರೆಯಿಂದ ಕೊಬ್ಬಿನ ಕಡೆಗೆ ತಿರುಗಿಸುವಂಥ ವಿಮರ್ಶಾ ಲೇಖನ ಬರೆಯಿಸಿತು. 1967ರಲ್ಲಿ ಪ್ರಕಟವಾದ ಆ ಲೇಖನದ ಹಿಂದೆ ಯಾರ ಹಣವಿತ್ತೆಂಬುದು ಬಯಲಾದದ್ದು 2016ರಲ್ಲಿ. ಸಕ್ಕರೆಯ ನಾಡೆಂದು ಹೆಮ್ಮೆಪಡುವ ಜಿಲ್ಲೆಯಲ್ಲಿ ಹುಟ್ಟಿ, ಸಕ್ಕರೆ ಕಾಯಿಲೆಯಲ್ಲಿ ತಾಯಿಯನ್ನು ಕಳೆದುಕೊಂಡ ನನಗೆ ಈ ಪ್ರಸಂಗ ಬಹಳ ನೋವು ಕೊಟ್ಟಿತು. ಹಾಗಾಗಿ ನಾವು ಕೊಡುವ ಹಣದ ಕರಾರಿನಲ್ಲಿ ಎರಡು ಮಾತು ಸ್ಪಷ್ಟವಾಗಿ ಬರೆಯಿಸಲು ನಿರ್ಧರಿಸಿದ್ದೇವೆ: ಫಲಿತಾಂಶ ಏನೇ ಬರಲಿ ಅದನ್ನು ಪ್ರಕಟಿಸಬೇಕು, ಅದರಲ್ಲಿ ನಮ್ಮ ಮಾತು ನಡೆಯಕೂಡದು; ವರ್ಷಕ್ಕೊಮ್ಮೆ ಏನು ಕೆಲಸವಾಯಿತೆಂದು ಪಾಲ್ಗೊಂಡ ಜನರಿಗೂ ನಮಗೂ ಕನ್ನಡದಲ್ಲಿ ತಿಳಿಸಬೇಕು.

ಕೊನೆಗೆ 6 ಲಕ್ಷ ಅಣ್ಣನ ಇಚ್ಛೆಯಂತೆ ಡಯಾಲಿಸಿಸ್‌ಗೆ ಬರುವ ಬಡವರ ಓಡಾಟಕ್ಕೂ ಔಷಧಿಗೂ ಹೋಗುತ್ತದೆ. ಉಳಿದ 12 ಲಕ್ಷ ಇಡುಗಂಟು. ಶೇಕಡಾ 7ರ ಬಡ್ಡಿಯಲ್ಲಿ ವರ್ಷಕ್ಕೆ 84,000 ರೂಪಾಯಿ, ತಿಂಗಳಿಗೆ 7,000. ಒಬ್ಬ ಕಾರ್ಯಕರ್ತೆಗೆ ಅರ್ಧ ದಿನದ ಸಂಬಳಕ್ಕೆ ಸಾಕಾಗುವಷ್ಟು ಹಣ. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಂಡ ಹೆಂಗಸರು ಹೆರಿಗೆಯಾದ ಮೇಲೆ ಮತ್ತೆ ಪರೀಕ್ಷೆಗೆ ಬರುತ್ತಾರೆಯೇ, ಬಾರದಿದ್ದರೆ ಏಕೆ ಎಂಬುದನ್ನು ವರ್ಷಗಟ್ಟಲೆ ಗಮನಿಸುವ ಒಂದು ತಂಡದೊಡನೆ ಮಾತುಕತೆ ನಡೆದಿದೆ. ಅವರ ನೈತಿಕ ಸಮಿತಿಯ ಒಪ್ಪಿಗೆ ಬಂದ ಮೇಲೆ ಸಹಿ.

ಲೆಕ್ಕವನ್ನೆಲ್ಲ ಕಾಗದದಲ್ಲಿ ಬರೆದು ತೋರಿಸಿದಾಗ ಅಣ್ಣ ಅದನ್ನು ಪಕ್ಕಕ್ಕಿಟ್ಟರು. "ಅದಿರ್ಲಿ. ಅವ್ವ ಸಿಹಿ ತಿಂದೋಳಲ್ಲ, ಹೊತ್ತು ಮೂಡೋಕ್ ಮುಂಚೆ ಗದ್ದೆಗಿಳೀತಿದ್ಲು, ಒಂದಿನ ಕೂತು ಉಂಡೋಳಲ್ಲ. ನಲವತ್ತಾರಕ್ಕೆ ಅವ್ಳಿಗೆ ಹೆಂಗ್ ಬಂತು ಈ ಕಾಯ್ಲೆ? ಇದ್ನ ಅವ್ರು ಹೇಳ್ತಾರಾ?" ಎಂದು ಕೇಳಿದರು. ಅವ್ವ ಹುಟ್ಟಿದ್ದು ಅಜ್ಜಿಯ ಮನೆಯ ನಡುಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಎಷ್ಟು ತೂಕವಿದ್ದರೆಂದು ಯಾವ ದಪ್ತರದಲ್ಲೂ ಇಲ್ಲ. ಆ ಪ್ರಶ್ನೆಯನ್ನೇ ಅಣ್ಣನ ಮಾತಿನಲ್ಲಿ, ಒಂದಕ್ಷರ ಬದಲಿಸದೆ, ತಂಡಕ್ಕೆ ಬರೆದ ಪತ್ರದ ಮೊದಲ ಸಾಲಾಗಿ ಇಟ್ಟಿದ್ದೇನೆ.